ಸೆರಗಿಗೇರಿದ ಗಗನನೌಕೆ

ಬಾಗಲಕೋಟೆ ಜಿಲ್ಲೆಯಲ್ಲಿ ‘ಗಗನದುರ್ಗ’ವನ್ನು ತನ್ನಷ್ಟು ಅರೆದು ಕುಡಿದವರು ಇನ್ನೊಬ್ಬರಿಲ್ಲ ಎಂದು ರಬಕವಿಯ ಶಿದ್ರಾಮಪ್ಪ ಸೋಮವಾರ ಚಹಾ ಮುಗಿಯುವ ಮೊದಲೇ ಘೋಷಿಸಿಬಿಟ್ಟ! ಇಪ್ಪತ್ತೆರಡು ವರ್ಷಗಳಿಂದ ಟಿ.ವಿ.ಯಲ್ಲಿ ಹಾರುತ್ತಲೇ ಇರುವ, ಇನ್ನೂ ಎಲ್ಲಿಯೂ ಇಳಿಯದ ಬಾಹ್ಯಾಕಾಶ ಧಾರಾವಾಹಿ ಅದು. ಈಗ ಚಾನೆಲ್ಲಿನವರಿಗೆ ಅದರಿಂದ ಇನ್ನಷ್ಟು ಧಾರಾವಾಹಿಗಳನ್ನು ಕವಲೊಡೆಸುವ ಹುಕಿ ಬಂದಿತ್ತು. ಪ್ರೇಕ್ಷಕರೇ ಕಥೆ ಕಳಿಸಿ ಎಂದಿದ್ದರು.

“ಹತ್ತು ಕಥಿ ಬರೀತೇನಿ. ಹತ್ತೂ ಪಾಸಾಗ್ತಾವು!”

“ರಾವಸಾಹೇಬ್ರ ಹನ್ನೆರಡು ಸೀರಿ ಯಾರು ನೇಯ್ತಾರ?” ಎಂದಳು ಹೆಂಡತಿ ದಾನೇಶ್ವರಿ. “ಅವ್ರ ಮಗಳ ಮದುವ್ಯಾಗ ಬೀಗರಿಗೆ ಹಂಚೋ ಆಹೇರಿಂದು. ಶನಿವಾರ ತೇರದಾಳದಿಂದ ಬರ್ತಾರ. ಈ ಸಲ ಎಡವಟ್ಟಾತಂದ್ರ ಮತ್ತ ನಮ್ಮ ಹೊಸ್ತಿಲಾ ತುಳಿಯಂಗಿಲ್ಲ.”

“ಗ್ರಾಫ್ ಬರದು ಮೊಳಿಗೆ ಹಾಕ್ತೇನಿ. ಮುಂದಿಂದು ನಿಂದು.”

ಆ ಮನೆಯಲ್ಲಿ ಗೋಡೆಯ ಮೊಳೆಯೆಂದರೆ ಸುಪ್ರೀಂ ಕೋರ್ಟು. ಶಿದ್ರಾಮಪ್ಪ ಚೌಕಳಿ ಹಾಳೆಯಲ್ಲಿ ಸೆರಗಿನ ಚಿತ್ರ ಬರೆದು ಮೊಳೆಗೆ ಸಿಕ್ಕಿಸಿದರೆ ಮುಗಿಯಿತು. ಅದು ಬನಹಟ್ಟಿಗೆ ಹೋಗಿ, ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ ಬಂದು, ಕರೆಂಟಿನ ಮಗ್ಗದ ನೆತ್ತಿಗೇರಿ, ಸೆರಗಾಗಿ ಇಳಿಯುತ್ತಿತ್ತು. ಯಾಕೆ, ಏನು ಎಂದು ಯಾರೂ ಕೇಳುವಂತಿರಲಿಲ್ಲ. ಆ ಕಾಯಿದೆ ಮಾಡಿದವನೂ ಅವನೇ.

ರಾವಸಾಹೇಬರಿಗೆ ಮಾವಿನಕಾಯಿ ಸೆರಗು ಬರೆದು ಮೊಳೆಗೆ ಹಾಕಿದವನೇ ಕಥೆಗೆ ಕೂತ.

“ಒಂದನೇದು, ಖಳನಾಯಕನ ಬಾಲ್ಯ!”

“ಸಣ್ಣ ಹುಡುಗ್ರು ನೋಡಿ ಕಲೀತಾವು. ಬ್ಯಾಡ.”

“ಎರಡನೇದು, ಮಂಗಳ ಗ್ರಹದಾಗ ನೌಕಾ ರಿಪೇರಿ ಮಾಡೋ ಗ್ಯಾರೇಜು!”

“ಮೊದಲ ನಮ್ಮ ಎರಡನೇ ಮಗ್ಗ ರಿಪೇರಿ ಮಾಡ್ರಿ.”

“ಮೂರನೇದು, ಎರಡು ಗ್ರಹದ ಬೀಗರ ಜಗಳ! ಒಂದು ಗ್ರಹದಾಗ ದಿನಕ್ಕ ಮೂವತ್ತು ತಾಸು. ಮುಹೂರ್ತಾನ ಕೂಡಂಗಿಲ್ಲ!”

ಇದಕ್ಕೆ ದಾನೇಶ್ವರಿ ಸ್ವಲ್ಪ ನಕ್ಕಳು. ಅಷ್ಟೇ ಸಾಕಾಯಿತು, ನಾಲ್ಕನೆಯದಕ್ಕೆ ಅವನ ತಲೆಯೇ ಹಾರತೊಡಗಿತು. ಗಗನದುರ್ಗದ ಮುಕ್ಕಣ್ಣ ಅಡುಗೆಯವ ಝಿಂಬೋ ಸ್ವಂತದ್ದೊಂದು ಖಾನಾವಳಿ ನೌಕೆ ಕಟ್ಟಿಕೊಂಡು ಗ್ರಹಗ್ರಹಕ್ಕೂ ಊಟ ಹಂಚುವ ಕಥೆ! ಕಥೆಗೊಂದು ಚಿತ್ರ ಬೇಕೆನಿಸಿತು. ನೇಕಾರನಿಗೆ ಚಿತ್ರವೆಂದರೆ ಚೌಕಳಿ ಹಾಳೆಯೇ. ನೌಕೆಗೆ ರೊಟ್ಟಿ ಹಂಚಿನಂಥ ಚಾವಣಿ ಕೂಡಿಸಿದ, ಕಿಟಕಿಯಲ್ಲಿ ಸೌಟು ಹಿಡಿದ ಕರಿಮೀಸೆಯ ಝಿಂಬೋನನ್ನು ನಿಲ್ಲಿಸಿದ, ದೂರದಿಂದ ಅಂದ ನೋಡೋಣವೆಂದು ಅದನ್ನೂ ಮೊಳೆಗೆ ಸಿಕ್ಕಿಸಿದ. ಮಾವಿನಕಾಯಿ ಹಾಳೆಯ ಮೇಲೆಯೇ! ನೋಡಿ ಸುಖಪಟ್ಟು, ಐದನೆಯ ಕಥೆ ಹೊಳೆದದ್ದೇ ಎಲ್ಲ ಮರೆತು ಮಾಳಿಗೆ ಹತ್ತಿದ.

ಐದು ದಿನ ಅವನು ಊಟಕ್ಕೂ ಕೆಳಗಿಳಿಯಲಿಲ್ಲ. ಶನಿವಾರ ಹತ್ತು ಕಥೆಗಳ ಕಟ್ಟು ಹಿಡಿದು ಇಳಿದರೆ, ಹನ್ನೆರಡು ಸೀರೆ ಮಡಿಚಿಟ್ಟಿದ್ದವು. ಹನ್ನೆರಡೂ ಸೆರಗಿನಲ್ಲಿ ಝಿಂಬೋ ಸೌಟು ಎತ್ತಿ ನಿಂತಿದ್ದ!

“ಏನಿದು? ಮಾವಿನಕಾಯಿ ಎಲ್ಲಿ?”

“ಮೊಳಿ ಮ್ಯಾಲ ಇದ್ದದ್ದು ಇದ. ಇದನ್ನ ಕಳಿಸಿದೆ, ಇದನ್ನ ನೇಯ್ದೆ.”

“ಮೂರು ಕಣ್ಣು ನೋಡಿ ನಿನಗ ಸಂಶಯ ಬರಲಿಲ್ಲೇನು?”

“ಬಂತು. ಮೊಳಿಗೆ ಹಾಕಿದ್ದು ಕೇಳಬಾರ್ದು ಅಂದವ್ರು ಯಾರು?”

ಶಿದ್ರಾಮಪ್ಪ ಒಂದೊಂದೇ ಸೀರೆ ಎತ್ತಿ ನೋಡಿದ. ಹನ್ನೆರಡು ಸೀರೆಯ ರೇಷ್ಮೆ, ಐದು ದಿನದ ಹೆಂಡತಿಯ ದುಡಿಮೆ, ತೇರದಾಳದ ಒಳ್ಳೆಯ ಗಿರಾಕಿ, ಎಲ್ಲವನ್ನೂ ಒಂದೇ ಸೌಟಿನಲ್ಲಿ ಕಲಕಿದ್ದ. ನಿಜಕ್ಕೂ ನಾಚಿಕೆಯಾಯಿತು. ಮುಚ್ಚಿಡೋಣವೆನ್ನುವಷ್ಟರಲ್ಲಿ ರಾವಸಾಹೇಬರೇ ಬಾಗಿಲಲ್ಲಿದ್ದರು.

ಅವರು ಸೆರಗು ಬಿಡಿಸಿ ಬಹಳ ಹೊತ್ತು ನೋಡಿದರು.

“ಇಂವ ಝಿಂಬೋ ಅಲ್ಲೇನ್ರಿ?”

ಶಿದ್ರಾಮಪ್ಪನಿಗೆ ಹೋದ ಜೀವ ಬಂದಂತಾಯಿತು. “ಹೌದ್ರಿ ಸಾವ್ಕಾರ್ರ! ನೀವೂ ಗಗನದುರ್ಗ ನೋಡ್ತೀರೇನ್ರಿ?”

“ಮೊದಲನೇ ದಿನದಿಂದ ಒಂದೂ ಬಿಟ್ಟಿಲ್ಲ.” ರಾವಸಾಹೇಬರ ಮುಖ ಗಂಟಾಯಿತು. “ಝಿಂಬೋ ಸತ್ತು ಹದಿನೇಳು ವರ್ಷ ಆತು. ಜಿಲ್ಲಾಕ್ಕ ನಂಬರ್ ಒಂದು ಅಂತೀರಿ, ಇಷ್ಟೂ ಗೊತ್ತಿಲ್ಲ? ಅರಿಷಿಣ ಹಚ್ಚೋ ಮನ್ಯಾಗ ಸತ್ತವನ ಚಿತ್ರದ ಸೀರಿ ಹೆಂಗ ಹಂಚಲಿ? ಬ್ಯಾಡ್ರಿ, ಬ್ಯಾಡ.”

ಅವರು ಚಪ್ಪಲಿ ಮೆಟ್ಟಿಯೇಬಿಟ್ಟರು. ಜಿಲ್ಲೆಗೇ ಪಂಡಿತನಾದ ಶಿದ್ರಾಮಪ್ಪ ತನ್ನ ಕಥೆಗಳ ಕಟ್ಟನ್ನೇ ತಿರುವಿಹಾಕತೊಡಗಿದ.

“ಅಣ್ಣಾರ, ನಿಂದರ್ರಿ,” ಎಂದಳು ದಾನೇಶ್ವರಿ. “ಇದು ಅಂವ ಸಾಯೂಕಿಂತ ಮೊದಲಿನ ಕಥಿರಿ. ಇನ್ನೂ ಹರೇದಾಗ ಅದಾನ. ನೋಡ್ರಿ, ಮೀಸಿ ಎಷ್ಟು ಕರ್ರಗ ಐತಿ!”

ರಾವಸಾಹೇಬರು ಚಪ್ಪಲಿ ಬಿಟ್ಟು ಬಂದರು. ಮೂಗಿಗೆ ಚಾಳೀಸು ಏರಿಸಿ ಮೀಸೆ ನೋಡಿದರು.

“ಅಡ್ಡಿಯಿಲ್ಲ! ಝಿಂಬೋನ ಹರೇದ ಕಥಿ! ಇದು ಚಾನೆಲ್ಲಿನವ್ರಿಗೂ ಹೊಳದಿಲ್ಲ ನೋಡ್ರಿ. ಹನ್ನೆರಡೂ ಕಟ್ರಿ. ಶಿದ್ರಾಮಪ್ಪನವರ, ಆ ಕಥಿ ಈ ನಮ್ಮ ತಂಗಿ ದಾನೇಶ್ವರಿ ಹೆಸರ್ಲೆ ಕಳಸ್ರಿ.”

ಗಿರಾಕಿ ಹೋದ ಮೇಲೆ ಶಿದ್ರಾಮಪ್ಪ ಕಥೆಗಳ ಕಟ್ಟನ್ನು ಮೆಲ್ಲಗೆ ಬೆನ್ನ ಹಿಂದೆ ಹಿಡಿದುಕೊಂಡು ಕೇಳಿದ:

“ಅಲ್ಲ, ನೀ ಗಗನದುರ್ಗ ಯಾವಾಗ ನೋಡಿದಿ?”

“ಒಂದು ದಿನಾನೂ ನೋಡಿಲ್ಲ,” ಎಂದಳು ದಾನೇಶ್ವರಿ. “ಹನ್ನೆರಡು ಸೀರಿ ಮಾರೂದಿತ್ತು, ಅಂವನ್ನ ಬದುಕಿಸಿದೆ.”