ರೇಷ್ಮೆ ಹುಳುಗಳಿಗೆ ನಾನು ಮಾಡಿಸಿದ ಉಪವಾಸ

ಒಂದು ಹುಳು ಎಲೆಯ ಅಂಚಿಗೆ ಬಂದು, ಬಾಯಿ ತಾಗಿಸಿ, ತಲೆ ಎತ್ತಿ ಕ್ಷಣಹೊತ್ತು ಯೋಚಿಸಿ, ವಾಪಸು ಹೊರಟಿತು. ಅದರ ಹಿಂದೆ ಇನ್ನೊಂದು. ಮಳೆ ಸುರಿದಂತೆ ಕೇಳಬೇಕಾಗಿದ್ದ ಮೇಯುವ ಸದ್ದು ಹುಳುಮನೆಯಲ್ಲಿ ಇರಲೇ ಇಲ್ಲ.

ಇದರ ಸಂಪೂರ್ಣ ಹೊಣೆ ನನ್ನದು. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮಾಂಬಳ್ಳಿಯ ಸೋದರತ್ತೆಯ ಮನೆಗೆ ಬಂದಿದ್ದೆ. ಅವರ ಹಿಪ್ಪುನೇರಳೆ ತೋಟಕ್ಕೆ ಕಂಬಳಿಹುಳು ಬಿದ್ದಿತ್ತು. ಗಿಡಕ್ಕೆ ಓಡಲು ಕಾಲಿಲ್ಲ. ಆದ್ದರಿಂದ ಅದು ಎಲೆಯಲ್ಲೇ ಕಹಿ, ಒಗರು ತುಂಬಿಕೊಂಡು ಮೇಯಲು ಬಂದ ಹುಳುವಿನ ಬಾಯಿ ಕಟ್ಟುತ್ತದೆ, ಈ ವಿದ್ಯೆಯಲ್ಲಿ ಬೇವು ಪಾರಂಗತ ಎಂದು ಅತ್ತೆಗೆ ವಿವರಿಸಿದೆ.

“ಅದೇನ್ ಮಾಡ್ತೀಯೋ ಮಾಡವ್ವ. ಕಂಬ್ಳಿಉಳ ತೊಲಗುದ್ರೆ ಸಾಕು.”

ಬೇವಿನ ಬೀಜ ಕುಟ್ಟಿ ನೆನೆಹಾಕಿ, ಸೋಸಿ, ಇಡೀ ತೋಟಕ್ಕೆ ಹೊಡೆದೆ. ಒಂದು ಸಾಲನ್ನೂ ಬಿಡಲಿಲ್ಲ! ಎರಡೇ ದಿನಕ್ಕೆ ಕಂಬಳಿಹುಳು ಮೇಯುವುದನ್ನು ನಿಲ್ಲಿಸಿತು. ನೋಟ್‌ಬುಕ್ಕಿನಲ್ಲಿ ‘ಪ್ರಯೋಗ ಯಶಸ್ವಿ’ ಎಂದು ಬರೆದು ಅಡಿಗೆರೆ ಎಳೆದೆ.

ಮೂರನೆಯ ದಿನ ಅತ್ತೆಯ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ನಿದ್ದೆಯಿಂದ, ಎದ್ದವು. ಕೊನೆಯ ಪೊರೆ ಕಳಚಿದ ಮೇಲೆ ಹೊಟ್ಟೆತುಂಬ ಸೊಪ್ಪು ಬೀಳದಿದ್ದರೆ ಗೂಡೇ ಇಲ್ಲ. ಒಂದು ತಿಂಗಳ ದುಡಿಮೆ ತಿಪ್ಪೆಗೆ. ಅದೇ ತೋಟದ ಸೊಪ್ಪನ್ನು ಕೊಯ್ದು ಹಾಕಿದೆವು. ರೇಷ್ಮೆ ಹುಳುವೂ ಎಲೆ ತಿನ್ನುವ ಕೀಟವೇ ಎಂದು ನನ್ನ ಪಠ್ಯಪುಸ್ತಕದಲ್ಲಿ ಇತ್ತು. ಆದರೆ ನಮ್ಮ ಮನೆಯಲ್ಲಿ ಅವನ್ನು ಯಾರೂ ಕೀಟವೆಂದು ಎಣಿಸುವುದಿಲ್ಲ. ಅವು ಮನೆಮಕ್ಕಳು.

ಅತ್ತೆ ಒಂದೆಲೆ ಅಗಿದು ಉಗಿದರು. ಬಾಗಿಲಲ್ಲಿ ಪಕ್ಕದ ಮನೆಯ ಪುಟ್ಟಮ್ಮ ಇಣುಕಿದರು.

“ಏನಕ್ಕ, ಉಳುಗೊಳ್ಗೆ ಏಕಾದಸಿಯಾ?”

“ಏಕಾದಸಿ ಅಲ್ಲ ಕಣವ್ವ, ಯುಗಾದಿ. ಓದಿರೋ ಸೊಸೆ ಬೇವು ಕೊಟ್ಟು ಬೆಲ್ಲ ಮರ್ತವ್ಳೆ.”

ನಾನು ಸೊಪ್ಪನ್ನು ತೊಳೆದು ತಂದೆ. ಒದ್ದೆ ಸೊಪ್ಪು ತಿಂದರೆ ಹುಳುಗಳಿಗೆ ರೋಗ ಬರುತ್ತದೆಂದು ಅತ್ತೆ ತಡೆದರು. ಅಂಗಳದಲ್ಲಿ ಹರಡಿ ಒಣಗಿಸಿದೆ, ಬಾಡಿಹೋಯಿತು. ಕೊನೆಗೆ ಹಸುವಿಗೆ ಹಾಕಿದೆ. ಅದು ಮೂಸಿ ನೋಡಿ ಮುಖ ತಿರುಗಿಸಿತು.

ನಕ್ಕು ಸುಸ್ತಾದ ಪುಟ್ಟಮ್ಮನೇ ದಾರಿ ತೋರಿಸಿದರು. “ನಮ್ ತೋಟ್ದಲ್ಲಿ ಕುಯ್ಕಳಿ. ಆದ್ರೆ ಈ ಉಡ್ಗಿ ಬರಿಗೈಲಿ ಬರ್ಬೇಕು, ಬಾಟ್ಲಿ ಗೀಟ್ಲಿ ತರ್ಕೂಡ್ದು.”

ಸಂಜೆಗೆ ಹುಳುಮನೆಯಲ್ಲಿ ಮಳೆಯ ಸದ್ದು ಶುರುವಾಯಿತು. ಅತ್ತೆ ಕಣ್ಣೊರೆಸಿಕೊಂಡು, ತೀರ್ಪು ಕೊಟ್ಟರು: “ಇನ್ಮೇಲೆ ಸೊಪ್ಪು ಮೊದ್ಲು ನಿನ್ ಬಾಯ್ಗೆ, ಆಮೇಲೆ ಅವುಕ್ಕೆ.”

ಮರುದಿನ ಬೆಳಿಗ್ಗೆ ಪ್ರತಿ ಹೊರೆಯಿಂದಲೂ ಒಂದೊಂದು ಎಲೆ ಕಿತ್ತು, ಅಗಿದು, ನುಂಗಿ, ಅತ್ತೆಯ ಕಡೆ ತಲೆಯಾಡಿಸಿದೆ. ಹುಳುಗಳು ಎರಡನೇ ಪಂಕ್ತಿಗೆ ಕುಳಿತವು.