ನಮ್ಮ ಭಾವ ಮಾಡಿಸಿಕೊಂಡ ಆಪರೇಷನ್ನು

ನಮ್ಮ ಭಾವನ ಪಕ್ಕದಲ್ಲಿ ಕೂತು ಬಸ್ಸಿನಲ್ಲಿ ಪ್ರಯಾಣ ಮಾಡುವ ಧೈರ್ಯ ನನಗಿಲ್ಲ. ಸೀಟು ಖಾಲಿ ಇದ್ದರೂ ನಾನು ಬಾಗಿಲ ಹತ್ತಿರ ಕಂಬಿ ಹಿಡಿದು ನಿಲ್ಲುತ್ತೇನೆ. ಹಾಗಂತ ಅವರು ಕುಡಿಯುವವರಲ್ಲ, ಬೀಡಿ ಸೇದುವವರಲ್ಲ, ಪಕ್ಕದವರ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವವರೂ ಅಲ್ಲ. ಆದರೆ ಬಣಕಲ್‌ನಲ್ಲಿ ಬಸ್ಸು ಹತ್ತಿದರೆಂದರೆ, ಮೂಡಿಗೆರೆಯಲ್ಲಿ ಇಳಿಯುವಷ್ಟರೊಳಗೆ ಪಕ್ಕದ ಅಪರಿಚಿತನಿಗೆ, ಅವನ ಹಿಂದೆ ಕೂತ ಅವನ ಮಾವನಿಗೆ, ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ, ತಾವು ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡ ಕಥೆಯನ್ನು ಪೂರ್ತಿಯಾಗಿ ಹೇಳಿ ಮುಗಿಸಿರುತ್ತಾರೆ.

ನಮ್ಮ ಕಡೆ ಗಂಡಸರು ಈ ಆಪರೇಷನ್ ಮಾಡಿಸಿಕೊಳ್ಳುವುದೇ ಅಪರೂಪ. ಮಾಡಿಸಿಕೊಂಡವರು ಇದ್ದರೂ ಆ ಸುದ್ದಿ ಸ್ವಂತ ತಮ್ಮನಿಗೂ ಗೊತ್ತಿರುವುದಿಲ್ಲ. ಭಾವ ಮಾತ್ರ ಲಾಟರಿ ಹೊಡೆದವರ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಅದನ್ನಾದರೂ ಮೆಲ್ಲಗೆ ಹೇಳುತ್ತಾರೆಯೇ? ಅವರು ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ದಿನವಿಡೀ ಆಳುಗಳ ಹಿಂದೆ ಕೂಗಿ ಕೂಗಿ ಪಳಗಿದ ಗಂಟಲು. ಗುಡ್ಡದ ಮೇಲೆ ನಿಂತು 'ಟೀಗೆ ಬನ್ರೋ' ಅಂದರೆ ಪಕ್ಕದ ಎಸ್ಟೇಟಿನವರೂ ಕೆಲಸ ಬಿಟ್ಟು ಇಳಿದುಬಿಡುತ್ತಾರೆ. ಒಮ್ಮೆ ತೋಟಕ್ಕೆ ನುಗ್ಗಿದ ಒಂಟಿ ಆನೆಯನ್ನು ಪಟಾಕಿಯಿಲ್ಲದೆ ಬರೀ ಬಾಯಿಂದಲೇ ಓಡಿಸಿದ್ದರು. ಆನೆ ಹೆದರಿತೋ, ಬೇಸತ್ತು ಹೋಯಿತೋ, ನಮಗೆ ತಿಳಿಯದು.

ಇಂಥ ಧೀರರಿಗೆ ಹೆದರಿಕೆ ಅಂತ ಇದ್ದದ್ದು ಒಂದೇ ಒಂದು. ಸೂಜಿ! ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ದಿನ ಅಕ್ಕ ಮಗುವನ್ನು ಎತ್ತಿಕೊಂಡು ಅಂಗನವಾಡಿಯ ಒಳಗೆ ಹೋದರೆ, ಇವರು ಹೊರಗೆ ಹಲಸಿನ ಮರದ ಕಡೆ ಮುಖ ಮಾಡಿ ನಿಂತಿರುತ್ತಿದ್ದರು. ಒಳಗೆ ಮಗು ಕಿರುಚಿದರೆ ಹೊರಗೆ ಇವರ ಕಣ್ಣಲ್ಲಿ ನೀರು.

ಅಕ್ಕನಿಗೆ ಮೊದಲ ಎರಡು ಹೆರಿಗೆ ಸಲೀಸಾಗಿ ಆಗಿದ್ದವು. ಮೂರನೆಯದು ಹಾಗಾಗಲಿಲ್ಲ. ಮಗುವೇನೋ ಚೆನ್ನಾಗಿಯೇ ಹುಟ್ಟಿತು, ಹೆಣ್ಣುಮಗು. ಆದರೆ ಹುಟ್ಟಿದ ಮೇಲೆ ಅಕ್ಕನಿಗೆ ರಕ್ತಸ್ರಾವ ನಿಲ್ಲಲಿಲ್ಲ. ಮೂಡಿಗೆರೆಯಿಂದ ಆಂಬುಲೆನ್ಸಿನಲ್ಲಿ ಚಿಕ್ಕಮಗಳೂರಿಗೆ ಸಾಗಿಸಿದರು. ರಕ್ತ ಬೇಕು ಎಂದಾಗ ಎಸ್ಟೇಟಿನ ಜೀಪು ತುಂಬ ಆಳುಗಳು ಕೆಲಸದ ಬಟ್ಟೆಯಲ್ಲೇ ಬಂದಿಳಿದರು. ಅವರನ್ನು ರಕ್ತ ಕೊಡುವ ಕಡೆಗೆ ಕರೆದುಕೊಂಡು ಹೋಗಿ ಬರುವ ಓಡಾಟ ನನ್ನದಾಗಿತ್ತು. ಭಾವ ಆಪರೇಷನ್ ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ. ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, "ಉಳ್ಕೊಂಡ್ರು" ಎಂದರು. ಆ ಒಂದು ಮಾತಿಗೆ ನಾವೆಲ್ಲ ಗೋಡೆಗೆ ಒರಗಿ ಹಾಗೇ ನೆಲದ ಮೇಲೆ ಕೂತುಬಿಟ್ಟೆವು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಭಾವನನ್ನು ಕೂರಿಸಿಕೊಂಡು, "ಇನ್ನೊಂದು ಬಸಿರು ಇವರ ಜೀವಕ್ಕೆ ಅಪಾಯ" ಎಂದರು.

"ಹಂಗಾರೆ ಅವ್ಳಿಗೆ ಆಪರೇಷನ್ ಮಾಡಿಬಿಡಿ ಡಾಕ್ಟ್ರೆ."

"ಅವರ ಮೈಯಲ್ಲಿ ರಕ್ತವೇ ಇಲ್ಲ. ಮೊದಲು ಚೇತರಿಸಿಕೊಳ್ಳಲಿ. ಬೇರೆ ದಾರಿಗಳೂ ಇವೆ, ಹೇಳ್ತೀನಿ. ಆದರೆ ನೀವೇ ಮಾಡಿಸಿಕೊಳ್ಳಬಹುದಲ್ಲ? ಅದು ಎಷ್ಟೋ ಸುಲಭ. ಹೊಲಿಗೆ ಕೂಡ ಇರಲ್ಲ."

ಭಾವ ಹಿಂದೆ ತಿರುಗಿ ನೋಡಿದರು, ಡಾಕ್ಟರಮ್ಮ ಮಾತಾಡುತ್ತಿರುವುದು ಯಾರಿಗೆ ಎಂದು. ಹಿಂದೆ ನಿಂತಿದ್ದವನು ನಾನು. ನನಗಿನ್ನೂ ಮದುವೆಯಾಗಿರಲಿಲ್ಲ.

ಮನೆಗೆ ಬಂದ ಮೇಲೆ ಕೆಲವು ದಿನ ಭಾವ ಆ ವಿಷಯ ಎತ್ತಲಿಲ್ಲ. ಅಕ್ಕ ಅಡುಗೆಮನೆಯಿಂದ ಅಂಗಳಕ್ಕೆ ಬರಬೇಕಾದರೂ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಭಾವ ಕೂತಲ್ಲಿಂದಲೇ ಅದನ್ನು ನೋಡುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ, "ನಾನೇ ಮಾಡ್ಸ್ಕತೀನಿ" ಎಂದುಬಿಟ್ಟರು. ಬಡಿಸುತ್ತಿದ್ದ ಅವರ ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಗಂಡಸಿನ ಮೈಗೆ ಕತ್ತಿ ಹಾಕ್ಸದಾ? ನಾಳೆ ಒಂದು ಮೂಟೆ ಎತ್ತಕ್ಕಾಗುತ್ತಾ ನಿನ್ ಕೈಲಿ? ಎಲ್ಲ ಕಡೆ ಹೆಂಗಸರೇ ಮಾಡ್ಸ್ಕಳದು. ಅವಳು ಒಂದು ವರ್ಷ ಸುಧಾರಿಸ್ಕಂಡು ಮಾಡ್ಸ್ಕಳ್ಳಿ."

"ಅವ್ಳ ಮೈಗೆ ಆಗಿದ್ದು ಸಾಕಮ್ಮ" ಎಂದರು ಭಾವ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆಪರೇಷನ್ನಿನ ದಿನ ಜೊತೆಗೆ ನಾನೇ ಹೋದೆ. ನರ್ಸು ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬತೊಡಗಿದ್ದೇ ತಡ, ಆನೆ ಓಡಿಸಿದ ನಮ್ಮ ಭಾವ ಕುರ್ಚಿಯಿಂದ ಮೆಲ್ಲಗೆ ಪಕ್ಕಕ್ಕೆ ಜಾರಿದರು. ನಾನು ಹಿಡಿದುಕೊಂಡೆ. ಮುಖಕ್ಕೆ ನೀರು ಹಾಕಿದ ಮೇಲೆ ಕಣ್ಣು ಬಿಟ್ಟು, "ಮುಗೀತಾ?" ಎಂದರು.

"ಇದು ಬಿಪಿ ನೋಡದು ಅಷ್ಟೆ. ನಿಮ್ಮನ್ನ ಇನ್ನೂ ಯಾರೂ ಮುಟ್ಟಿಲ್ಲ" ಎಂದಳು ನರ್ಸು.

ಸಕ್ಕರೆ ಹಾಕಿದ ನೀರು ಕುಡಿಸಿ, ಮತ್ತೊಮ್ಮೆ ಬಿಪಿ ನೋಡಿ, ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಇದ್ದೆ. ಆದರೆ ಭಾವನ ಮಾತು ಕೇಳಲು ಒಳಗೆ ಇರಬೇಕಾದ ಅಗತ್ಯವೇನಿದೆ? ಬಾಗಿಲಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು: "ಡಾಕ್ಟ್ರೆ, ಶುರು ಮಾಡೋ ಮುಂಚೆ ಒಂದ್ ಮಾತು ಹೇಳಿ. ದೇವ್ರನ್ನ ನೆನೆಸ್ಕಬೇಕು."

"ನೆನೆಸ್ಕೊಳ್ಳಿ, ನೆನೆಸ್ಕೊಳ್ಳಿ. ನಮ್ಮ ಕೆಲಸ ಮುಗೀತು" ಎಂದರು ಡಾಕ್ಟರು.

ಒಂದು ವಾರ ಭಾರ ಎತ್ತಬಾರದು, ಮರ ಗಿರ ಹತ್ತಬಾರದು ಎಂದು ಹೇಳಿ ಕಳಿಸಿದರು. ಅದು ಕಾಳುಮೆಣಸು ಕೊಯ್ಯುವ ಕಾಲ. ತೋಟದಲ್ಲಿ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಬಳ್ಳಿಗಳಿಗೆ ಏಣಿ ಹಾಕಿ ಜನ ಹತ್ತುತ್ತಿದ್ದರು. ಮನೆಯ ಹಿಂದೆಯೂ ಅಂಥ ಒಂದು ಮರ ಇತ್ತು. ಶಕ್ತಿ ಎಲ್ಲೂ ಹೋಗಿಲ್ಲ ಎಂದು ಅಮ್ಮನಿಗೆ ತೋರಿಸುವ ಆತುರದಲ್ಲಿ ಭಾವ ಮರುದಿನವೇ ಏಣಿ ಹುಡುಕಿಕೊಂಡು ಹೋದರು. ಹೋಗಿ ನೋಡಿದರೆ ನೆಲದ ಮೇಲಿದ್ದ ಏಣಿಯ ಮೇಲೆ ಅಕ್ಕ ಕೂತಿದ್ದಾಳೆ, ಮಡಿಲಲ್ಲಿ ಮಗು.

"ಹತ್ತದಾದ್ರೆ ನಮ್ಮಿಬ್ಬರನ್ನೂ ಸೇರ್ಸಿ ಏಣಿ ಎತ್ತಿ ನಿಲ್ಸಿ" ಎಂದಳು.

ಭಾವ ವಾಪಸು ಬಂದು ಮಲಗಿಕೊಂಡರು. ವಾರ ಕಳೆದ ಮೇಲೆ ಅಕ್ಕ ಏಣಿ ಬಿಟ್ಟುಕೊಟ್ಟಳು. ಭಾವ ಮರದ ತುದಿಗೆ ಹತ್ತಿ, ಅಲ್ಲಿಂದ ಇಡೀ ಎಸ್ಟೇಟಿಗೆ ಕೇಳುವ ಹಾಗೆ, "ಅಮ್ಮಾ, ಕಾಣ್ತಾ ಇದೀನಾ?" ಎಂದರು.

ಅವರಮ್ಮ ಹಣೆಯ ಮೇಲೆ ಕೈಯಿಟ್ಟು ಮೇಲೆ ನೋಡಿ ಹೇಳಿದರು. "ಕಾಣ್ತಾ ಇದೀಯ. ಹೆಂಗೂ ಹತ್ತಿದೀಯಲ್ಲ, ಮೆಣಸು ಕೊಯ್ಕಂಡೇ ಇಳಿ."

ಅಲ್ಲಿಗೆ ಮನೆಯೊಳಗಿನ ವಿರೋಧ ಮುಗಿಯಿತು. ಊರಿಗೆ ತೊಂದರೆ ಶುರುವಾದದ್ದು ಆಮೇಲೆ. ಆಪರೇಷನ್ ಆದ ಕೂಡಲೇ ನಿಶ್ಚಿಂತೆಯಿಲ್ಲ, ಮೂರು ತಿಂಗಳು ಕಾಂಡೋಮ್ ಬಳಸಬೇಕು, ಆಮೇಲೆ ಒಂದು ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಗಂಡಸರು ಆ ವಸ್ತುವನ್ನು ಕೊಳ್ಳುವ ಕ್ರಮವೇ ಬೇರೆ. ಮೊದಲು ತಲೆನೋವಿನ ಮಾತ್ರೆ ಕೇಳುತ್ತಾರೆ, ಆಮೇಲೆ ಪೇಸ್ಟು ಕೇಳುತ್ತಾರೆ, ಅಂಗಡಿ ಪೂರ್ತಿ ಖಾಲಿಯಾದ ಮೇಲೆ ಮೂಲೆಯ ಕಡೆ ಬೆರಳು ತೋರಿಸುತ್ತಾರೆ. ನಮ್ಮ ಭಾವ ರಸ್ತೆಯಿಂದಲೇ, "ಸಾಹೇಬ್ರೆ, ಮೂರು ತಿಂಗಳಿಗೆ ಆಗೋವಷ್ಟು ಕಾಂಡೋಮ್ ತೆಗೀರಿ" ಎಂದರು. ಕೆಮ್ಮಿನ ಔಷಧಿ ಕೊಳ್ಳುತ್ತಿದ್ದ ಸ್ಕೂಲ್ ಟೀಚರು ಚಿಲ್ಲರೆ ಬಿಟ್ಟು ಹೋದರು. ಅಂಗಡಿಯ ಸಾಹೇಬರು ವಯಸ್ಸಾದವರು, ಗಂಭೀರ ಮನುಷ್ಯ. ಕಟ್ಟನ್ನು ಪೇಪರಿನಲ್ಲಿ ಸುತ್ತತೊಡಗಿದರು.

"ಪೇಪರ್ ಯಾಕೆ ಸಾಹೇಬ್ರೆ? ಇದೇನು ಕದ್ದ ಮಾಲಾ?"

"ಪೇಪರ್ ನಿಮಗಲ್ಲ ಮೇಸ್ತ್ರಿ, ನನ್ನ ಅಂಗಡಿ ಮರ್ಯಾದೆಗೆ" ಎಂದರು ಸಾಹೇಬರು.

ಮೂರು ತಿಂಗಳ ನಂತರ ಪರೀಕ್ಷೆ ಆಯಿತು. ರಿಪೋರ್ಟಿನಲ್ಲಿ ವೀರ್ಯಾಣುಗಳ ಸಂಖ್ಯೆ ಸೊನ್ನೆ ಎಂದಿತ್ತು. ಡಾಕ್ಟರು ಕೈ ಕುಲುಕಿದರಂತೆ. ಭಾವ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿದರು. "ಸ್ಕೂಲಲ್ಲಿ ಸೊನ್ನೆ ತಗಂಡಾಗೆಲ್ಲ ಬೆತ್ತದ ಏಟು ತಿಂದವ್ನು ನಾನು. ಸೊನ್ನೆ ತಗಂಡಿದ್ದಕ್ಕೆ ಕೈ ಕುಲುಕಿದ್ದು ಇದೇ ಮೊದಲು ಮಾರಾಯ."

ಅಲ್ಲಿಂದ ಅವರ ಪ್ರಚಾರಕ್ಕೆ ತಡೆಯೇ ಇಲ್ಲವಾಯಿತು. ಮದುವೆ ಊಟದ ಪಂಕ್ತಿಯಲ್ಲಿ ಸಾರು ಬರುವ ಹೊತ್ತಿಗೆ ಶುರು ಮಾಡಿದರೆ ಪಾಯಸಕ್ಕೆ ಮುಗಿಸುತ್ತಿದ್ದರು. ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಕ್ಷೌರದಂಗಡಿ. ಕತ್ತಿನ ಹತ್ತಿರ ಬ್ಲೇಡು ಇರುವಾಗ ಯಾರು ತಾನೇ ಎದ್ದು ಓಡಿಯಾರು? ಊರಿನವರು 'ಆಪರೇಷನ್ ಮೇಸ್ತ್ರಿ' ಎಂದು ಹೆಸರಿಟ್ಟರು. ಹೆಸರಿಟ್ಟವರು ನಕ್ಕರು, ಕೇಳಿದವರು ನಕ್ಕರು, ಭಾವನೂ ನಕ್ಕರು. ಆದರೆ ಒಬ್ಬನಾದರೂ ಆಸ್ಪತ್ರೆಯ ದಾರಿ ಹಿಡಿಯಬೇಕಲ್ಲ? ಅದು ಮಾತ್ರ ಆಗಲಿಲ್ಲ.

ಹೀಗಿರುವಾಗ ಒಂದು ದಿನ ಅಕ್ಕನ ಕಣ್ಣಿಗೆ ಎಸ್ಟೇಟಿನ ಆಳುಗಳ ಲೈನ್ ಮನೆಯ ಒಬ್ಬ ಹೆಂಗಸು ಬಿದ್ದಳು. ಅವಳ ಗಂಡ ಮೆಣಸಿನ ಮರ ಹತ್ತುವವನು, ಭಾವನ ಬಾಲ್ಯದ ಗೆಳೆಯ. ನಾಲ್ಕು ಮಕ್ಕಳು, ಈಚೆಗೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಕಾಫಿ ಹಣ್ಣು ಕೊಯ್ಯುವಾಗ ಅವಳು ಮತ್ತೆ ಮತ್ತೆ ಗಿಡದ ಬುಡದಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಆರೋಗ್ಯ ಕೇಂದ್ರದ ಸಿಸ್ಟರು ರಕ್ತ ಹೆಚ್ಚುವ ಮಾತ್ರೆ ಕೊಟ್ಟು, ಇನ್ನು ಬಸಿರಾಗದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದರು.

"ಅವಳ ಅಂಗೈ ನೋಡಿದ್ರಾ? ಬಿಳಿ ಕಾಗದ ಆಗಿದೆ. ನನ್ ಕೈಯೂ ಹಿಂಗೇ ಇತ್ತು" ಎಂದಳು ಅಕ್ಕ.

"ನಾಳೆ ಹಾಜರಿ ಹೊತ್ತಲ್ಲೇ ಅವನಿಗೆ ಹೇಳ್ತೀನಿ."

"ಬೇಡ. ಅಲ್ಲಿ ನೀವು ಮೇಸ್ತ್ರಿ, ನೀವು ಹೇಳಿದ್ದು ಆರ್ಡರ್ ಆಗುತ್ತೆ. ಭಾನುವಾರ ಮನೆಗೆ ಹೋಗಿ, ಸ್ನೇಹಿತನಾಗಿ ಮಾತಾಡಿ. ಅವಳನ್ನೂ ಕೂರಿಸ್ಕಂಡು ಮಾತಾಡಿ."

ಭಾನುವಾರ ಭಾವ ನನ್ನನ್ನೂ ಎಳೆದುಕೊಂಡು ಹೋದರು. ಗೆಳೆಯ ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ. "ನಿಂಗೇನು, ಕೆಳಗೆ ನಿಂತು ಕೂಗದು ಕೆಲಸ. ನಂದು ಮರದ ತುದೀಲಿ. ಮೇಲೆ ಹೋದಾಗ ಕೈಕಾಲು ಸೋತ್ರೆ?"

"ಹಂಗಾರೆ ಬಾ, ಇಬ್ರೂ ಹತ್ತಣ" ಎಂದರು ಭಾವ. ಲೈನ್ ಮನೆಯ ಪಕ್ಕದ ಎರಡು ಮರಗಳಿಗೆ ಏಣಿ ಇಟ್ಟಾಯಿತು. ಗೆಳೆಯ ತುದಿ ಮುಟ್ಟಿ, ಸುತ್ತ ನೋಡಿ, ಇಳಿದು ಬಂದು ಟೀ ಕುಡಿಯುವಾಗಲೂ ಭಾವ ಅರ್ಧದಲ್ಲೇ ಏದುಸಿರು ಬಿಡುತ್ತಿದ್ದರು.

"ನೋಡಿದ್ಯಾ? ಶಕ್ತಿ ಹೋಗಿದೆ" ಎಂದ ಗೆಳೆಯ.

"ಅಲ್ಲ ಮಾರಾಯ, ಮುಂಚೆನೂ ನಾನು ನಿನ್ ಹತ್ರ ಸೋಲ್ತಾನೇ ಇದ್ದೆ. ಇದು ಹೊಟ್ಟೆ ಭಾರ" ಎಂದು ಭಾವ ಮೇಲಿನಿಂದಲೇ ವಾದಿಸಿದರು. ನೋಡಲು ಬಂದಿದ್ದ ಜನ ಬಿದ್ದು ಬಿದ್ದು ನಕ್ಕು ಚದುರಿದರು. ಕೆಲಸ ಕೆಟ್ಟಿತು ಎಂದುಕೊಂಡು ನಾನೂ ಎದ್ದೆ.

ಆದರೆ ಭಾವ ಇಳಿದು ಬಂದು ಜಗಲಿಯ ಮೇಲೆ ಗೆಳೆಯನ ಪಕ್ಕ ಕೂತರು. ಆಮೇಲೆ ನಾನು ಬಗ್ಗಿ ಕೇಳಬೇಕಾದಷ್ಟು ತಗ್ಗಿದ ದನಿಯಲ್ಲಿ ಹೇಳಿದರು:

"ಅವತ್ತು ಚಿಕ್ಕಮಗಳೂರಲ್ಲಿ ನರ್ಸು ಹೊರಗೆ ಬಂದು ಅವಳ ಬಳೆ ತಂದು ನನ್ ಕೈಗೆ ಕೊಟ್ರು. ಯಾಕೆ ತೆಗೆದ್ರು ಅಂತ ಕೇಳಕ್ಕೆ ಧೈರ್ಯ ಬರ್ಲಿಲ್ಲ. ಏನ್ ಹೇಳಿಬಿಡ್ತಾರೋ ಅಂತ. ಎರಡೂ ಕೈಲಿ ಬಿಗಿ ಹಿಡ್ಕಂಡು ನಿಂತಿದ್ದೆ. ಅಲುಗಿದ್ರೆ ಬಳೆ ಸದ್ದಾಗುತ್ತೆ. ಆ ಸದ್ದು ಕೇಳಿದ್ರೆ ಅತ್ತುಬಿಡ್ತೀನಿ ಅಂತ ಉಸಿರು ಬಿಡಕ್ಕೂ ಹೆದರಿದ್ದೆ. ಸೂಜಿ ಹಾಕೋಕೆ ಅಡ್ಡ ಬರುತ್ತೆ ಅಂತ ತೆಗೆದಿದ್ರಂತೆ, ಆಮೇಲೆ ಗೊತ್ತಾಯ್ತು. ನಾನು ಬಿಪಿ ಪಟ್ಟಿಗೇ ಬಿದ್ದೋದವ್ನು, ಕಣೋ. ಅದೇನೂ ನಾಚಿಕೆ ಅಲ್ಲ. ಆದ್ರೆ ಇನ್ನೊಂದ್ ಸಲ ಆ ಬಾಗ್ಲಲ್ಲಿ ಹಂಗೆ ನಿಲ್ಲಕ್ಕೆ ನನ್ ಕೈಲಿ ಆಗ್ತಿರ್ಲಿಲ್ಲ."

ಆ ದಿನ ಅದೇ ಆಸ್ಪತ್ರೆಯಲ್ಲಿ ನಾನೂ ಇದ್ದೆ. ಆಪರೇಷನ್ ಕಥೆಯನ್ನು ಇಡೀ ತಾಲ್ಲೂಕಿಗೆ ಸಾರಿದ ಮನುಷ್ಯ ಈ ಭಾಗವನ್ನು ನನಗೂ ಹೇಳಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗೆಳೆಯನ ಹೆಂಡತಿ ಆಗ ಬಾಯಿ ಬಿಟ್ಟಳು. "ನನ್ನೂ ಒಂದ್ ಮಾತು ಕೇಳಿ. ನಂಗೆ ಇನ್ನು ಆಗಲ್ಲ."

ಗಂಡ ಅವಳ ಕಡೆ ತಿರುಗಿ ನೋಡಿದ. ನೋಡುತ್ತಲೇ, "ನೀನು ಯಾಕೆ ಇಷ್ಟ್ ದಿನ ಹೇಳ್ಲಿಲ್ಲ?" ಎಂದ.

"ನೀವು ಯಾವತ್ತು ಕೇಳಿದ್ರಿ?"

ಅವನು ಟೀ ಲೋಟ ಕೆಳಗಿಟ್ಟು ಭಾವನ ಕಡೆ ತಿರುಗಿದ. "ಯಾವತ್ತು ಹೋಗದು?"

ಅವನದೂ ಸುಸೂತ್ರವಾಗಿ ಮುಗಿಯಿತು. ಮುಂದಿನ ಕೊಯ್ಲಿಗೆ ಅವನು ಎಂದಿನ ಹಾಗೆ ಮರದ ತುದಿಯಲ್ಲಿದ್ದ. ಅವನ ಹೆಂಡತಿ ಮಾತ್ರೆ ತಪ್ಪಿಸದೆ ತೆಗೆದುಕೊಂಡು ಮುಖದಲ್ಲಿ ಕಳೆ ತುಂಬಿಕೊಂಡಿದ್ದಳು. ಈಗ ಬಿಡಿ, ಬಸ್ಸಿನಲ್ಲಿ ಇಬ್ಬರಾಗಿದ್ದಾರೆ. ಒಬ್ಬರು ಸುಸ್ತಾದರೆ ಇನ್ನೊಬ್ಬರು ಕಥೆ ಮುಂದುವರಿಸುತ್ತಾರೆ.

ಕಳೆದ ತಿಂಗಳು ನಾವೆಲ್ಲ ದೇವರಮನೆ ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದೆವು. ಪೂಜೆ ಮುಗಿಸಿ, ಹುಲ್ಲುಗುಡ್ಡ ಹತ್ತೋಣ ಎಂದು ಹೊರಟದ್ದು ಅಕ್ಕನೇ. ದೊಡ್ಡ ಮಕ್ಕಳಿಬ್ಬರೂ ಮುಂದೆ ಓಡಿದರು. ಚಿಕ್ಕವಳು ಭಾವನ ಹೆಗಲ ಮೇಲೆ. ಅಕ್ಕ ಯಾರನ್ನೂ ಹಿಡಿದುಕೊಳ್ಳದೆ, ಎಲ್ಲೂ ಕೂರದೆ, ನಮ್ಮೆಲ್ಲರನ್ನೂ ಹಿಂದೆ ಹಾಕಿ ನೆತ್ತಿ ಮುಟ್ಟಿದಳು. ನಾವು ತಲುಪುವ ಹೊತ್ತಿಗೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಕೆಳಗೆ ಕಣಿವೆಯಲ್ಲಿ ಮಂಜು ಒಂದೊಂದೇ ತೋಟವನ್ನು ಬಿಟ್ಟುಕೊಡುತ್ತಿತ್ತು.

"ಎಷ್ಟು ವರ್ಷ ಆಗಿತ್ತು," ಎಂದಳು ಅಕ್ಕ, ಯಾರಿಗೂ ಅಂತ ಅಲ್ಲದೆ. "ಹೊಟ್ಟೇಲಿ ಯಾರೂ ಇಲ್ದೆ, ಸೊಂಟದ ಮೇಲೆ ಯಾರೂ ಇಲ್ದೆ ಒಂದು ಗುಡ್ಡ ಹತ್ತಿ."

ಭಾವ ಮಗುವನ್ನು ಇಳಿಸಿ ಅವಳ ಪಕ್ಕ ಕೂತು, ಅವಳ ಸೀರೆಯ ಅಂಚಿಗೆ ಅಂಟಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.