ಉಸಿರಿನ ಹಂಗಿಲ್ಲದ ಅಳಿಯ

ನಾನು ಬೆಳಗಾವಿ ಶಹಾಪುರದವನು, ನಾನೂರು ಮೀಟರ್ ಓಟಗಾರ. ಖಾನಾಪುರದ ಮಾವನ ಮನೆಯಲ್ಲಿ ಆರು ವರ್ಷಗಳಿಂದ ನನಗೆ 'ಓಡೋ ಅಳಿಯ' ಎಂದೇ ಹೆಸರು. ಆ ಬಿರುದನ್ನು ಕಾಪಾಡಿಕೊಳ್ಳುವುದೇ ನನ್ನ ಜೀವನದ ಧ್ಯೇಯವಾಗಿತ್ತು.

ಭಾವಮೈದುನ ಪ್ರಕಾಶನ ಮದುವೆ ಮುಗಿಸಿ ಬಂದ ಮರುದಿನ ವ್ಯಾಯಾಮ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಕರೆಸಿದರು. ಪಳಗಿದ ಓಟಗಾರರ ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಬಿರುಸಿನ ಓಟ ಏನಾಗುತ್ತದೆ ಎಂಬುದು ಅವರ ಸಂಶೋಧನೆ. ನನ್ನ ಬಲಗೈ ಬೆರಳಿಗೆ ಆಮ್ಲಜನಕ ಅಳೆಯುವ, ಬಟ್ಟೆಯ ಕ್ಲಿಪ್ಪಿನಂಥ ಯಂತ್ರ ಸಿಕ್ಕಿಸಿದರು. ಎಂಬತ್ತೆರಡು! ನೂರರ ಹತ್ತಿರ ಇರಬೇಕಿತ್ತಂತೆ. ಅವರು ಗಾಬರಿಯಾಗಿ, ಬೇರೆ ಯಂತ್ರ ತರಿಸುತ್ತೇನೆ, ಅಲ್ಲಿಯವರೆಗೆ ಓಡಬೇಡಿ ಎಂದರು. ಸ್ವಲ್ಪ ಹೊತ್ತಿನ ಬಿರುಸಿಗೆ ಸ್ನಾಯುಗಳು ಆಮ್ಲಜನಕದ ದಾರಿ ಕಾಯುವುದಿಲ್ಲ ಎಂದೂ ವಿವರಿಸಿದ್ದರು. ಎರಡು ಮಾತಿನಲ್ಲಿ ನಾನು ಎರಡನೆಯದನ್ನಷ್ಟೇ ಮನೆಗೆ ತಂದೆ.

ಹೆಂಡತಿ ಶಾಂತಾ ದವಾಖಾನೆಗೆ ಹೋಗೋಣವೆಂದು ದುಂಬಾಲು ಬಿದ್ದಳು. ನಾನು ಅಪರೂಪದ ಜೀವಿ, ಆಮ್ಲಜನಕ ನನಗೆ ಬರೀ ಶೋಕಿ ಎಂದು ಅವಳಿಗೆ ತಿಳಿಹೇಳಿದೆ.

ಎರಡು ದಿನದ ನಂತರ ಖಾನಾಪುರದಲ್ಲಿ ಬೀಗರ ಊಟ. ಪ್ರಕಾಶನೂ ಓಟಗಾರನೇ. ಊಟಕ್ಕೆ ಮೊದಲು ಶಾಲೆಯ ಮೈದಾನದಲ್ಲಿ, ಬೀಗರೆಲ್ಲರ ಎದುರು ಅವನಿಗೆ ಸವಾಲು ಹಾಕಿದೆ.

"ನೀ ಉಸಿರಾಡ್ಕೋತ ಓಡು ಪ್ರಕಾಶ. ನಾ ಉಸಿರಿಲ್ಲದನ ಓಡ್ತೀನಿ."

ಉಸಿರು ಬಿಗಿಹಿಡಿದು ಓಡಿದೆ. ನೂರು ಮೀಟರಿಗೆ ನಾನೇ ಮುಂದೆ. ನೂರೈವತ್ತಕ್ಕೆ ಹಗಲಲ್ಲೇ ನಕ್ಷತ್ರ ಕಂಡವು. ಇನ್ನೂರಕ್ಕೆ ನಾನು ಅಂಗಾತ ಮಲಗಿದ್ದೆ, ಅತ್ತೆ ಸೆರಗಿನಿಂದ ಗಾಳಿ ಬೀಸುತ್ತಿದ್ದರು. ಪ್ರಕಾಶ ಗುರಿ ಮುಟ್ಟಿ, ನನಗೆ ನೀರು ತರಲು ಮತ್ತೆ ಓಡಿದ. ಅಂದಿನಿಂದ ಆ ಮನೆಯಲ್ಲಿ ನಾನು 'ಬಿದ್ದ ಅಳಿಯ'.

ಮುಂದಿನ ವಾರ ಶಾಂತಾಳೇ ನನ್ನನ್ನು ಪ್ರಾಧ್ಯಾಪಕರ ಮುಂದೆ ಕೂರಿಸಿದಳು. ಹೊಸ ಯಂತ್ರವೂ ಎಂಬತ್ತೆರಡೇ ಎಂದಿತು. ಅವರು ಕನ್ನಡಕ ಏರಿಸಿ ಬೆರಳು ನೋಡಿದರು.

"ಇದೇನ್ರಿ ಇದು?"

ಮೆಹಂದಿ. ಮದುವೆಯಲ್ಲಿ ನಾದಿನಿ ತಮಾಷೆಗೆಂದು ನನ್ನ ಬಲಗೈ ಬೆರಳುಗಳಿಗೆಲ್ಲ ಉಗುರು ಸಮೇತ ಬಳಿದಿದ್ದಳು. ಎಡಗೈಯಲ್ಲಿ ಚಹಾ ಕಪ್ಪಿದ್ದುದರಿಂದ ಅದು ಬಚಾವಾಗಿತ್ತು. ಯಂತ್ರವು ಉಗುರಿನ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದಂತೆ, ಆ ಬಣ್ಣ ಅದನ್ನೇ ಮೋಸಗೊಳಿಸಿತ್ತು. ಎಡಗೈಗೆ ಸಿಕ್ಕಿಸಿದರು. ತೊಂಬತ್ತೆಂಟು! ಜಗತ್ತಿನ ಎಲ್ಲರಂತೆ ನಾನೂ ಒಬ್ಬ.

ಪ್ರಾಧ್ಯಾಪಕರು ನನ್ನ ಹೆಸರಿನ ಮೇಲೆ ಗೆರೆ ಎಳೆದು, ಹೇಳಿದ ಮಾತು ಕೇಳುವ ಓಟಗಾರರು ಯಾರಾದರೂ ಗೊತ್ತೇ ಎಂದು ಶಾಂತಾಳನ್ನು ಕೇಳಿದರು.

"ನನ್ನ ತಮ್ಮ ಅದಾನ್ರಿ, ಸರ," ಎಂದಳು. "ಕೈಯಾಗಿನ ಮೆಹಂದಿ ಹೋದ ಮ್ಯಾಲ ಕಳಸ್ತೀನಿ. ಚಲೋ ಓಡ್ತಾನ. ಉಸಿರೂ ಆಡ್ತಾನ."